ಲೈಟ್ ನೋಡೋಕೆ ನಿಂತವಳು

ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೋಗುವ ರಸ್ತೆಯಲ್ಲಿ ಸೂರ್ಯಕಾಂತಿ ಅರಳಿತೆಂದರೆ ಕಾರುಗಳು ಮುಂದಕ್ಕೆ ಹೋಗುವುದನ್ನೇ ಮರೆಯುತ್ತವೆ. ಕೇರಳದವರು ಇಳಿದು ಬರುತ್ತಾರೆ, ಹೂವಿನ ಪಕ್ಕ ಹೂವಿನಷ್ಟೇ ಮುಖ ಅಗಲಿಸಿ ನಿಲ್ಲುತ್ತಾರೆ, ಹೋಗುವಾಗ ನಾಲ್ಕು ಗಿಡ ತುಳಿದು ಹೋಗುತ್ತಾರೆ. ಹಾಗೆ ತುಳಿಯದಂತೆ ಕಾಯುವುದು ನೀಲಾವತಿಯ ಕೆಲಸ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಮಾತು ಕಮ್ಮಿ. ಅಜ್ಜಿ ದೊಡ್ಡಮಾದಮ್ಮ ಬದುವಿನ ಮೇಲೆ ಕೂತು, "ಕೂಗಮ್ಮಿ ಜೋರಾಗಿ! ಬಾಯಲ್ಲಿ ಮುದ್ದೆ ಇಟ್ಕಂಡಿದ್ದೀಯಾ?" ಎಂದು ಬಯ್ದರೂ ಅವಳ ಬಾಯಿಂದ ಬರುತ್ತಿದ್ದುದು "ಚೇಟ್ಟಾ, ಪೂ ಪರಿಕ್ಕಲ್ಲೇ" ಎಂಬ ಒಂದೇ ಮಲಯಾಳ ಮಾತು. ಹೂ ಕೀಳಬೇಡಿ ಅಂತ. ಅದೂ ಹೂವಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

ಬಾಯಿ ಸುಮ್ಮನಿದ್ದರೆ ಕಣ್ಣಿಗೆ ಕೆಲಸ ಜಾಸ್ತಿ. ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳಲು ಬರುವ ಜೋಡಿಗಳನ್ನು ದೂರದಿಂದ ನೋಡಿಯೇ ಅವಳು ಹೇಳಬಲ್ಲವಳಾಗಿದ್ದಳು, ಇವರು ಒಪ್ಪಿದವರು, ಇವರನ್ನು ಒಪ್ಪಿಸಿದ್ದಾರೆ, ಇವಳ ಮನಸ್ಸು ಇನ್ನೂ ಬೇರೆಲ್ಲೋ ಇದೆ ಅಂತ. ಹೇಳಬಲ್ಲವಳಾಗಿದ್ದಳು ಅಷ್ಟೆ, ಯಾರಿಗೂ ಹೇಳುತ್ತಿರಲಿಲ್ಲ.

ಆ ಜೋಡಿಗಳನ್ನು ಕರೆತರುತ್ತಿದ್ದವನು ಚಾಮರಾಜನಗರದಲ್ಲಿ ಸ್ಟುಡಿಯೊ ಇಟ್ಟಿದ್ದ ಮುನ್ನಾ. ಓಮ್ನಿ ಓಡಿಸಲು, ಬಿಳಿ ಕೊಡೆ ಹಿಡಿಯಲು ಅವನ ಜೊತೆಗೆ ದೊರೆಸ್ವಾಮಿ. ಮದುವೆ ಹೆಣ್ಣು ಓಮ್ನಿಯೊಳಗೆ ಕೂತು ಮೇಕಪ್ಪಿಗೆ ತೊಡಗಿದರೆ, ಅವಳು ಹೊರಬರುವ ಹೊತ್ತಿಗೆ ಬಿಸಿಲೇ ಇಳಿದಿರುತ್ತಿತ್ತು. ಅದಕ್ಕೇ ಮುನ್ನಾ ಒಂದು ಪದ್ಧತಿ ಮಾಡಿಕೊಂಡಿದ್ದ. ಗಂಡಿನ ಕೋಟನ್ನು ದೊರೆಸ್ವಾಮಿಗೆ ಹಾಕಿಸಿ, ಹೆಣ್ಣಿನ ದುಪಟ್ಟಾವನ್ನು ನೀಲಾವತಿಗೆ ಹೊದಿಸಿ, ಇಬ್ಬರನ್ನೂ ಹೂವಿನ ನಡುವೆ ನಿಲ್ಲಿಸಿ, ಬೆಳಕು ಎಲ್ಲಿ ಬೀಳುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳುತ್ತಿದ್ದ. 'ಲೈಟ್ ನೋಡೋದು' ಅಂತ ಅದರ ಹೆಸರು. ಅಸಲಿ ಜೋಡಿ ಬಂದು ಅದೇ ಜಾಗದಲ್ಲಿ ನಿಂತರೆ ಆಯಿತು.

ಹೀಗೆ ಎಷ್ಟೋ ಸಲ ನೀಲಾವತಿ ಮದುವಣಗಿತ್ತಿಯಾಗಿದ್ದಳು. ಎಲ್ಲರೂ ಅವನನ್ನು ದೊರೆಸ್ವಾಮಣ್ಣ ಅನ್ನುತ್ತಿದ್ದರು. ಅವಳು ಮಾತ್ರ ಏನೂ ಅನ್ನುತ್ತಿರಲಿಲ್ಲ. ಅಣ್ಣ ಅಂದುಬಿಟ್ಟರೆ ಒಂದು ಬಾಗಿಲು ಮುಚ್ಚಿಹೋಗುತ್ತದೆ ಎಂಬ ಹೆದರಿಕೆ. ಅವನನ್ನು ಕರೆಯಬೇಕಾದಾಗ ಕೆಮ್ಮುತ್ತಿದ್ದಳು. "ಅಮ್ಮಿಗೆ ಯಾವಾಗ್ಲೂ ಕೆಮ್ಮು ಕಣಜ್ಜಿ, ಕಷಾಯ ಕೊಡು" ಎಂದು ಅವನು ದೊಡ್ಡಮಾದಮ್ಮನಿಗೆ ಹೇಳಿದ್ದೂ ಉಂಟು.

ಆಷಾಢ ಮುಗಿಯುವ ಹೊತ್ತಿಗೆ ಮೇಘನಾ ಮತ್ತು ಮಾದೇಶ ಎಂಬ ಜೋಡಿ ಬಂತು. ಹುಡುಗಿ ಚಾಮರಾಜನಗರದವಳು, ಹುಡುಗ ಹರವೆಯವನು. ಒಪ್ಪಿಗೆ ಶಾಸ್ತ್ರವಾಗಿ ತಿಂಗಳು ಕಳೆದಿದ್ದರೂ ಇಬ್ಬರೂ ಬ್ಯಾಂಕಿನ ಕ್ಯೂನಲ್ಲಿ ನಿಂತವರಂತೆ ಒಬ್ಬರ ಹಿಂದೆ ಒಬ್ಬರು ನಡೆದು ಬಂದರು. ಅವಳು ಓಮ್ನಿ ಹತ್ತಿದಳು. ಅವನು ಬೇವಿನ ಮರದಡಿ ಮೊಬೈಲು ಹಿಡಿದು ಕೂತ.

ಮಾಮೂಲಿನಂತೆ ದೊರೆಸ್ವಾಮಿ ಕೋಟು ಹಾಕಿಕೊಂಡ. ಮುನ್ನಾ ಅವತ್ತು ಎಂದಿನಂತಿರಲಿಲ್ಲ. ಕ್ಯಾಮೆರಾದ ಒಂದೇ ಗುಂಡಿಯನ್ನು ಸುಮ್ಮನೆ ಒತ್ತುತ್ತಿದ್ದ.

"ಏನಾಗದೆ ಅವ್ರಿಗೆ?" ನೀಲಾವತಿ ಪಿಸುಗುಟ್ಟಿದಳು.

"ಅವ್ರ ಬೀದೀಲಿ ನಾಜ್ನೀನ್ ಅಂತ ಅವ್ಳೆ. ಸಣ್ಣೋನಾಗಿದ್ದಾಗಿಂದ ಇವ್ನಿಗೆ ಅವ್ಳಂದ್ರೆ ಪ್ರಾಣ. ಬಾಯ್ಬುಟ್ಟು ಹೇಳ್ಲಿಲ್ಲ. ಈಗ ಬೇರೆಯೋನ್ ಜೊತೆ ಅವ್ಳ ಮಂಗ್ನಿ, ಅಂದ್ರೆ ಒಪ್ಪಿಗೆ ಶಾಸ್ತ್ರ, ಫೋಟೊ ತೆಗೆಯಾಕೆ ಇವ್ನನ್ನೇ ಕರ್ದವ್ರೆ." ದೊರೆಸ್ವಾಮಿ ನಿಟ್ಟುಸಿರು ಬಿಟ್ಟ. "ಹೇಳ್ದೆ ಇದ್ರೆ ಹಿಂಗೇ ಆಗೋದು ಕಣಮ್ಮಿ." ಕೋಟಿನ ಕಾಲರ್ ಸರಿಮಾಡಿಕೊಂಡು, "ನಂಗೂ ನಿಂಗೊಂದು ಇಸ್ಯ ಹೇಳ್ಬೇಕು. ಮನ್ಸಿಂದು. ಈಗ್ ಬ್ಯಾಡ, ಈ ಮದ್ವೆ ಮುಗೀಲಿ" ಎಂದ.

ಹಾಗೆಂದವನು ರಸ್ತೆಯ ಕಡೆ ತಿರುಗಿ ತನ್ನಷ್ಟಕ್ಕೆ ನಕ್ಕ. ನೀಲಾವತಿ ಅವನ ಮುಖ ನೋಡಿದಳು. ಅಷ್ಟು ದಿನ ಕದ್ದು ನೋಡಿದ್ದನ್ನೆಲ್ಲ ಒಂದೇ ಸಲಕ್ಕೆ ಬಿಚ್ಚಿ ನೋಡಿದಳು. ಮುನ್ನಾ ಕ್ಲಿಕ್ ಮಾಡಿದ.

ಆಮೇಲಿನ ದಿನಗಳಲ್ಲಿ ಅವಳು ನೆಲದ ಮೇಲೆ ಇರಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಕೇರಳದ ಒಬ್ಬ ಹೂ ಕಿತ್ತಾಗ, ಇನ್ನೊಂದು ಬೇಕಾ ಎಂಬಂತೆ ನೋಡಿ ಅಜ್ಜಿಯಿಂದ ಬಯ್ಯಿಸಿಕೊಂಡಳು. ಮೇಘನಾಳ ಮದುವೆ ಛತ್ರಕ್ಕೆ ಇವರ ಹೊಲದ ಚೆಂಡುಹೂವು ಹೋಗಬೇಕಿತ್ತು. ಯಾವಾಗಲೂ ಅಪ್ಪ ಮಾರಯ್ಯ ಹೋಗುತ್ತಿದ್ದ. ಈ ಸಲ, "ನಾನೋಗ್ತೀನಿ" ಅಂದಳು. ಮನೆಯವರೆಲ್ಲ ತಿರುಗಿ ನೋಡಿದರು.

ಆರತಕ್ಷತೆಯ ದಿನ ಮಧ್ಯಾಹ್ನ ಚಾಮರಾಜನಗರದ ಆ ಛತ್ರದ ಮುಂದೆ ಹೂವಿನ ಚೀಲದೊಂದಿಗೆ ಆಟೊ ಇಳಿದವಳು ತಲೆಯೆತ್ತಿದಳು. ಬಾಗಿಲಿನ ಪಕ್ಕ, ಮನೆಯಷ್ಟು ಎತ್ತರದ ಫ್ಲೆಕ್ಸ್. ಕೆಳಗೆ 'ಮೇಘನಾ ಮಾದೇಶ' ಅಂತ ಚಿನ್ನದ ಬಣ್ಣದ ಅಕ್ಷರ. ಮೇಲೆ ಸೂರ್ಯಕಾಂತಿಯ ನಡುವೆ ದೊರೆಸ್ವಾಮಿ. ಅವನ ಪಕ್ಕ ಅವಳೇ.

ಛತ್ರದ ಮುಂದೆ ಗಲಾಟೆಯೋ ಗಲಾಟೆ. ಹರವೆಯಿಂದ ಗಂಡಿನ ಕಡೆಯವರನ್ನು ಹೊತ್ತು ತಂದ ಬಸ್ಸು ಈ ಫ್ಲೆಕ್ಸ್ ನೋಡಿ ನಿಲ್ಲದೆ ಮುಂದಕ್ಕೆ ಹೋಗಿ, ಊರಿನ ಬೇರೆ ಛತ್ರಗಳನ್ನೆಲ್ಲ ಸುತ್ತಿ, ಒಂದು ಕಡೆ ಕಾಫಿಯನ್ನೂ ಕುಡಿದು, ಆಗ ತಾನೇ ವಾಪಸು ಬಂದಿತ್ತು.

"ನಮ್ ಐದ ಮಾದೇಶ ಇವ್ನಲ್ಲ ಅಂತ ನಾನೇ ಡ್ರೈವರ್‌ಗೆ ಹೇಳ್ದೆ, ಮುಂದ್ಕೆ ಬುಡಪ್ಪ ಅಂತ!" ಗಂಡಿನ ಸೋದರತ್ತೆ ರಾಚಮ್ಮ ಸೊಂಟಕ್ಕೆ ಕೈಯಿಟ್ಟು ಕೂಗುತ್ತಿದ್ದಳು. "ಯಾವನ್ಲಾ ಇದ್ನ ಕಟ್ಟಿದ್ದು? ಬರ್ಲಿ ಈಚೆಗೆ!"

ಫ್ಲೆಕ್ಸ್ ಅಂಗಡಿಯ ಇನಾಯತ್ ಉಲ್ಲಾ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಅಮ್ಮಾ, ನನ್ ತಪ್ಪಿಲ್ಲ. ಮುನ್ನಾ ಒಂದು ರಾಶಿ ಫೋಟೊ ಕಳಿಸ್ದ. ಯಾವ್ದು ಹಾಕ್ಲಿ ಅಂತ ಫೋನ್ ಮಾಡಿದ್ರೆ, ಯಾವ್ದು ಚೆನ್ನಾಗಿದ್ಯೋ ಹಾಕು ಭಾಯ್ ಅಂದು ಕಟ್ ಮಾಡ್ದ. ನಂಗೇನ್ ಗೊತ್ತು? ಅಷ್ಟರಲ್ಲೂ ಮದುವೆ ಹೆಣ್ಣಿನ ಕಳೆ ಇದ್ದಿದ್ದು ಇದೊಂದ್ರಲ್ಲೇ. ಬಾಕಿದ್ರಲ್ಲಿ ಇಬ್ರೂ ಬಸ್ಸಿಗೆ ಕಾಯೋರ ಥರ ನಿಂತವ್ರೆ!"

ಮುನ್ನಾ ಗೋಡೆಗೆ ಒರಗಿ ನಿಂತಿದ್ದ. ಕಣ್ಣು ಊದಿಕೊಂಡಿತ್ತು. "ಆ ದಿನ ನಾಜ್ನೀನ್ ಮಂಗ್ನೀಲಿದ್ದೆ," ಎಂದ, ಯಾರೂ ಕೇಳದಿದ್ದರೂ. "ಯಾರ ಮುಖ ಯಾವ್ದು ಅಂತಾನೇ ಕಾಣ್ತಿರ್ಲಿಲ್ಲ."

ಅಷ್ಟರಲ್ಲಿ ಅರ್ಧ ಮೇಕಪ್ಪಿನ ಮೇಘನಾ ಹೊರಗೆ ಓಡಿ ಬಂದಳು. ಈಗ ಅಳುತ್ತಾಳೆ ಅಂದುಕೊಂಡು ಎಲ್ಲರೂ ಉಸಿರು ಹಿಡಿದರು. ಇನ್ನೊಂದು ಕಡೆಯಿಂದ ಮಾದೇಶ ಬಂದ. ಫ್ಲೆಕ್ಸ್ ನೋಡಿದ, ತಲೆ ಕೆರೆದುಕೊಂಡ.

"ನನ್ ಕೋಟು ಅವ್ರಿಗೇ ಚೆನ್ನಾಗ್ ಒಪ್ತದೆ," ಅಂದ.

ಮೇಘನಾ ಕಿಸಕ್ಕನೆ ನಕ್ಕಳು. "ಕೋಟ್ ಅವ್ರಿಗೇ ಕೊಟ್ಬುಡಿ. ನೀವ್ ಮಾತ್ರ ಬನ್ನಿ."

ಅವನ ಕಿವಿ ಕೆಂಪಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು, ನಿಲ್ಲಿಸಲಾಗದೆ ನಕ್ಕರು. ರಾಚಮ್ಮನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುಂಪಿನ ಕೋಪವೆಲ್ಲ ಅಲ್ಲೇ ಇಳಿಯಿತು.

ನಗದವಳು ನೀಲಾವತಿ ಒಬ್ಬಳೇ. ಅವಳು ಕಂಬದ ಮರೆಯಲ್ಲಿ ನಿಂತು ತನ್ನ ಮುಖ ನೋಡುತ್ತಿದ್ದಳು. ಇಷ್ಟು ದಿನ ಒಳಗಿಟ್ಟು ಕಾಪಾಡಿದ್ದು ಊರಿನ ಎದುರು ಅಷ್ಟೆತ್ತರಕ್ಕೆ ನಿಂತಿತ್ತು. ಕುರುಡರಿಗೂ ತಿಳಿಯುವಂತಿತ್ತು. ದಾರಿಯಲ್ಲಿ ಹೋಗುವವರು ನಿಂತು, "ಎಂಥಾ ಪಿರೂತಿ ನೋಡಿ ಆ ಹೆಣ್ಣಿಗೆ" ಅಂದು ಹೋಗುತ್ತಿದ್ದರು. ಅವಮಾನದಿಂದ ಮೈ ಹಿಡಿಯಾದರೂ, ಒಳಗೊಂದು ಮೂಲೆಯಲ್ಲಿ ಆಸೆ ಎದ್ದು ಕೂತಿತ್ತು. ಅವನೂ ಇದನ್ನು ನೋಡಿರುತ್ತಾನೆ. ಇನ್ನು ಅವಳು ಹೇಳಬೇಕಾದ್ದೇ ಇಲ್ಲ.

ದೊರೆಸ್ವಾಮಿ ಬೈಕಿನಲ್ಲಿ ಬಂದು ಅವಳ ಮುಂದೆಯೇ ಬ್ರೇಕ್ ಹಾಕಿದ. ಬೆವರಿದ್ದ.

"ನೀಲಾ! ನಿನ್ನೇ ಹುಡುಕ್ತಿದ್ದೆ. ನೋಡ್ದಾ ಫ್ಲೆಕ್ಸು?"

ಅವಳು ತಲೆಯಾಡಿಸಿದಳು.

"ಕೆಟ್ಟೋಯ್ತು ಕಣಮ್ಮಿ. ಯಾವನೋ ಅದ್ನ ಸ್ಟೇಟಸ್‌ಗೆ ಹಾಕ್ಬುಟ್ಟವ್ನೆ. ಬಿಂದು ನೋಡ್ಬುಟ್ಳು. ನನ್ನ ಬ್ಲಾಕ್ ಮಾಡವ್ಳೆ."

"ಬಿಂದು?"

"ಬಿಂದುಶ್ರೀ. ಉಡಿಗಾಲದವ್ಳು, ಬದನಗುಪ್ಪೆ ಗಾರ್ಮೆಂಟ್ಸ್‌ಗೆ ಓಯ್ತಾಳೆ. ಅವತ್ತು ನಿಂಗೆ ಹೇಳ್ಬೇಕು ಅಂದಿದ್ನಲ್ಲ, ಅದು ಇದೇ. ಅವ್ಳು ಒಪ್ಕಂಡಿದ್ಳು. ಯಾರ್ಗೂ ಹೇಳಿರ್ಲಿಲ್ಲ ನಾನು, ನಿಂಗೇ ಮೊದ್ಲು ಹೇಳನ ಅಂತಿದ್ದೆ." ಅವನು ಕೈ ಮುಗಿದ. "ನನ್ ಮಾತು ಅವ್ಳು ಕೇಳಾಕಿಲ್ಲ. ನೀನ್ ಬಂದು ಒಂದ್ ಮಾತು ಹೇಳ್ಬುಡು. ಲೈಟ್ ನೋಡಾಕೆ ನಿಂತಿದ್ದು ಅಂತ. ಅಷ್ಟೇಯ."

ನೀಲಾವತಿ ಹೂವಿನ ಚೀಲ ಕೆಳಗಿಟ್ಟಳು. ಬರಲ್ಲ ಅನ್ನಬಹುದಿತ್ತು. ಬಂದರೂ ತಲೆ ತಗ್ಗಿಸಿ ಸುಮ್ಮನೆ ನಿಂತರೆ ಸಾಕಿತ್ತು. ಮಾತು ಬಾರದವಳು ಅಂತ ಎಲ್ಲರಿಗೂ ಗೊತ್ತು. ಅವಳ ಮೌನವೇ ಬಿಂದುಶ್ರೀಗೆ ಬೇಕಾದ ಉತ್ತರ ಕೊಟ್ಟುಬಿಡುತ್ತಿತ್ತು. ಆಮೇಲೆ ಇವನು ಒಬ್ಬನೇ ಉಳಿಯುತ್ತಿದ್ದ.

ಬೈಕಿನ ಹಿಂದೆ ಅವಳು ಕೂತದ್ದು ಅದೇ ಮೊದಲು. ದಾರಿಯುದ್ದಕ್ಕೂ ಅವನು ಬಿಂದುವಿನ ಮಾತೇ ಆಡಿದ. ಅವಳಿಗೆ ಕೋಪ ಬಂದರೆ ಊಟ ಬಿಡುತ್ತಾಳೆ, ಬೆಳಿಗ್ಗೆಯಿಂದ ತಿಂದಿದ್ದಾಳೋ ಇಲ್ಲವೋ ಅಂತ. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. ಉಳಿದರ್ಧವೇ ಬೇಕಾದಷ್ಟಾಗಿತ್ತು.

ಬದನಗುಪ್ಪೆಯಲ್ಲಿ ಗಾರ್ಮೆಂಟ್ಸ್ ಬಿಟ್ಟಿತ್ತು. ದೊರೆಸ್ವಾಮಿ ಟೀ ಅಂಗಡಿಯ ಹತ್ತಿರವೇ ನಿಂತ. "ಆ ಹಸ್ರು ಚೂಡಿದಾರ," ಎಂದು ತೋರಿಸಿದ.

ಕೊರಳಲ್ಲಿ ಫ್ಯಾಕ್ಟರಿ ಕಾರ್ಡು ನೇತುಹಾಕಿಕೊಂಡಿದ್ದ ಬಿಂದುಶ್ರೀ, ಬಸ್ಸಿಗೆ ನಿಂತವಳು, ನೀಲಾವತಿಯನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ಬಂದ್ಯಾ ತಾಯಿ. ಫ್ಲೆಕ್ಸ್‌ನಿಂದ ಇಳ್ದು ಬಂದ್ಯಾ?"

"ಅದು ಲೈಟ್ ನೋಡೋಕೆ..." ನೀಲಾವತಿಯ ದನಿ ಒಳಗೇ ಉಳಿಯಿತು.

"ಏನು?"

"ಲೈಟ್ ನೋಡೋಕೆ ನಿಂತಿದ್ದು. ಮುನ್ನಣ್ಣ ಯಾವಾಗ್ಲೂ ಹಂಗೇ ನಿಲ್ಲಿಸ್ತಾರೆ."

ಬಿಂದುಶ್ರೀ ಮೊಬೈಲು ತೆಗೆದು ಆ ಫೋಟೊವನ್ನು ಅವಳ ಮುಖಕ್ಕೆ ಹಿಡಿದಳು. "ಇದು ಲೈಟ್ ನೋಡೋ ಮುಖನಾ? ನಾನೂ ಹೆಂಗ್ಸು ಕಣಮ್ಮಿ, ನಂಗೆ ಗೊತ್ತಾಗಾಕಿಲ್ವಾ? ಏನೂ ಇಲ್ದೆ ಹಿಂಗ್ ನಿಂತಿದ್ದೀರಾ ಇಬ್ರೂ?"

ಟೀ ಅಂಗಡಿಯ ಹತ್ತಿರ ದೊರೆಸ್ವಾಮಿ ಕುಡಿಯದ ಲೋಟ ಹಿಡಿದು ಇತ್ತಲೇ ನೋಡುತ್ತಿದ್ದ. ಇನ್ನು ಸುಳ್ಳು ನಡೆಯುವುದಿಲ್ಲ ಅಂತ ನೀಲಾವತಿಗೆ ಗೊತ್ತಾಯಿತು. ಸುಮ್ಮನಿದ್ದರೆ ಬಿಂದು ಅವನ ಕೈತಪ್ಪುತ್ತಾಳೆ. ಅವನನ್ನು ಉಳಿಸಲು ಇದ್ದದ್ದು ಒಂದೇ ಮಾತು. ಅದನ್ನು ಅವಳು ಹೊಲದ ಹೂವಿನ ಮುಂದೆಯೂ ಆಡಿರಲಿಲ್ಲ.

ಅವಳು ಮೊಬೈಲಿನ ಮೇಲೆ ಬೆರಳಿಟ್ಟಳು. "ಅವ್ರ ಕಣ್ಣು ನೋಡಿ. ಎತ್ತಾಗದೆ? ರಸ್ತೆ ಕಡೆ ಅದೆ. ಅವಾಗ ಅವ್ರು ನಿಮ್ಮನ್ನ ನೆನೀತಿದ್ರು. ನಂಗೆ ಇವತ್ತೇ ಗೊತ್ತಾಗಿದ್ದು." ಉಸಿರು ಎಳೆದುಕೊಂಡಳು. "ನೋಡ್ತಿರೋದು ನಾನು. ನಾನೊಬ್ಳೇ. ಅವ್ರಿಗೆ ಏನೂ ಗೊತ್ತಿಲ್ಲ ಅಕ್ಕ. ಅವ್ರದ್ದು ಏನೂ ತಪ್ಪಿಲ್ಲ."

ಬಿಂದುಶ್ರೀ ಫೋಟೊ ನೋಡಿದಳು. ಎರಡು ಬೆರಳಿನಿಂದ ಹಿಗ್ಗಿಸಿ ಅವನ ಕಣ್ಣು ನೋಡಿದಳು, ಇವಳ ಕಣ್ಣು ನೋಡಿದಳು.

"ಅವ್ರಿಗೆ ಹೇಳ್ಬೇಡಿ," ಎಂದಳು ನೀಲಾವತಿ.

"ಊಂ ಹೂಂ, ಹೇಳಾಕಿಲ್ಲ."

ದೊರೆಸ್ವಾಮಿಗೆ ತಡೆಯಲಾಗಲಿಲ್ಲ. ಬೈಕು ತಳ್ಳಿಕೊಂಡು ರಸ್ತೆ ದಾಟಿ ಬಂದು ಇಬ್ಬರ ಮುಖವನ್ನೂ ನೋಡಿದ. "ನಂಬ್ದಾ ಬಿಂದು? ಇವ್ಳು ಸುಳ್ಳು ಹೇಳಾಕಿಲ್ಲ ಕಣೆ, ಬಾಯೇ ಬರಾಕಿಲ್ಲ ಇವ್ಳಿಗೆ!"

"ನಂಬ್ದೆ," ಎಂದಳು ಬಿಂದುಶ್ರೀ.

"ಅಬ್ಬ! ಏನ್ ಹೇಳ್ದೆ ಅಮ್ಮಿ ಅಂಥದ್ದು? ನಾನ್ ಬೆಳಿಗ್ಗೆಯಿಂದ ಬಡ್ಕೋತಿದ್ದೀನಿ!" ಅವನ ಮುಖ ಪೂರ್ತಿ ಬೆಳಗಿತು. ಬೈಕಿನ ಸೀಟನ್ನು ಅಂಗಿಯ ತೋಳಿಂದ ಒರೆಸಿ, "ಹತ್ತು, ಊರ್ಗೆ ಬುಡ್ತೀನಿ," ಎಂದ ಬಿಂದುವಿಗೆ. ಆಮೇಲೆ ನೆನಪಾಗಿ, "ನೀನು ಬಸ್‌ನಲ್ಲಿ ಓಗ್ತೀಯಾ ನೀಲಾ?" ಎಂದ.

"ಊಂ," ಅಂದಳು.

ಚಾಮರಾಜನಗರದ ಬಸ್ಸು ಬಂದು ನಿಂತಿತು. ಬಿಂದುಶ್ರೀ ಬೈಕಿನ ಕಡೆ ಹೋಗಲಿಲ್ಲ. "ನೀನ್ ಓಗು. ನಾಳೆ ಫೋನ್ ಮಾಡ್ತೀನಿ," ಎಂದು ಅವನಿಗೆ ಹೇಳಿ ಬಸ್ಸು ಹತ್ತಿದಳು. ಅವನು ಏನೂ ಅರ್ಥವಾಗದೆ ಬೈಕು ಹಿಡಿದು ನಿಂತೇ ಇದ್ದ.

ಒಳಗೆ ಬಿಂದುಶ್ರೀ ಕಿಟಕಿ ಪಕ್ಕದ ಸೀಟನ್ನು ನೀಲಾವತಿಗೆ ಬಿಟ್ಟಳು. ಬಸ್ಸು ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನೀಲಾವತಿಯ ಭುಜ ನಡುಗತೊಡಗಿತು. ಸದ್ದಿರಲಿಲ್ಲ. ಗಾರ್ಮೆಂಟ್ಸ್ ಹುಡುಗಿಯರು ನಿಂತು, ಕೂತು ಬಸ್ಸಿನ ತುಂಬ ಇದ್ದರು. ಮುಂದಿನ ಸೀಟಿನ ಒಬ್ಬಳು ಹಿಂದಿರುಗಿ, "ಯಾಕೆ ಬಿಂದು, ಯಾರು ಆ ಹುಡ್ಗಿ? ಎಲ್ಲೋ ನೋಡ್ದಂಗದೆ..." ಅಂದಳು.

"ಯಾರೂ ಅಲ್ಲ. ಮುಂದ್ಕೆ ನೋಡು ನೀನು," ಎಂದಳು ಬಿಂದುಶ್ರೀ. ದುಪಟ್ಟಾ ಬಿಡಿಸಿ, ನೀಲಾವತಿಯ ಮುಖ ಯಾರಿಗೂ ಕಾಣದಂತೆ ಮುಂದಿನ ಸೀಟಿನ ಕಂಬಿಯ ಮೇಲೆ ಹರವಿದಳು. ತಾನೂ ಅವಳನ್ನು ನೋಡದೆ ಆಚೆ ಕಡೆಗೆ ಮುಖ ತಿರುಗಿಸಿಕೊಂಡು, ಚಾಮರಾಜನಗರ ಬರುವವರೆಗೂ ಹಾಗೇ ಕೂತಳು.