ವರ್ಲಿನ್ ಹಾಲ್‌ಸ್ಟೆಡ್‌ನ ಸದಸ್ಯತ್ವ

"ಕೈ ತೆಗೀರಿ," ಎಂದಳು ಡಾರ್ಲಾ.

ಶವಪೆಟ್ಟಿಗೆಯಲ್ಲಿ ಮಲಗಿದ್ದ ಅಪ್ಪನ ಕೋಟಿಗೆ ಸಂಘದ ಬಿಲ್ಲೆ ಚುಚ್ಚಲು ಬಗ್ಗಿದ್ದ ನ್ಯಾಯಾಧೀಶ ಬ್ರೂಅರ್ ಹಾಗೇ ನಿಂತ. ಹಿಂದೆ ಕಪ್ಪು ಸೂಟಿನ ಐದು ಮಂದಿ, ಎಲ್ಲರೂ ಟೊಲೀಡೋ ನಗರದ ದೊಡ್ಡ ವಕೀಲರು. ಇಷ್ಟು ವರ್ಷ ಎಲ್ಲಿ ಸತ್ತಿದ್ದರೋ, ಇವತ್ತು ಮೊದಲ ಸಾಲಿಗೇ ಬಂದು ಕೂತಿದ್ದರು.

"ನೋಡಮ್ಮಾ, ಸಂಘ ಕಟ್ಟಿದವನೇ ವರ್ಲಿನ್. ಲಾ ಓದ್ಬೇಕು ಅನ್ನೋ ಹುಡುಗರು ನಾವು ಮೂರೇ ಜನ, ಹಾಸ್ಟೆಲ್ಲಿನ ಬಟ್ಟೆ ಒಗೆಯೋ ಕೋಣೇಲಿ ಶುರು ಮಾಡಿದ್ದು. ಈಗ ನಲವತ್ತು ಕಾಲೇಜಲ್ಲಿದೆ. ಪ್ರವೇಶ ಪರೀಕ್ಷೆಗೆ ನನಗೆ ಹೇಳಿಕೊಟ್ಟವನೂ ಅವನೇ."

"ನೀವು ಪಾಸಾದ್ರಿ. ಅಪ್ಪ ಮೂರು ಸಲ ಫೇಲಾದ. ಆಮೇಲೆ ಏನ್ಮಾಡಿದ್ರಿ, ಅದನ್ನೂ ಹೇಳಿ."

ಬ್ರೂಅರ್ ಗಂಟಲು ಸರಿಮಾಡಿಕೊಂಡ. "ಲಾ ಕಾಲೇಜಿಗೆ ಸೇರದವರು ಸದಸ್ಯರಾಗಿ ಉಳಿಯೋ ಹಾಗಿಲ್ಲ ಅಂತ ನಿಯಮ ಬರೆದದ್ದು ಅವನೇ."

"ಬರೆದ. ಅದೇ ನಿಯಮದಿಂದ ಅವನ ಕುತ್ತಿಗೆ ಕೊಯ್ದ್ರಿ."

*

ಸಂಘಕ್ಕೆ ಇಪ್ಪತ್ತೈದು ತುಂಬಿದಾಗ ಡಾರ್ಲಾ ಇನ್ನೂ ಸಣ್ಣ ಹುಡುಗಿ. ಶಾಲಾ ಬಸ್ಸು ಓಡಿಸುತ್ತಿದ್ದ ಅಪ್ಪ ಅವತ್ತು ರಜೆ ಹಾಕಿ, ಅಂಗಿಗೆ ತಾನೇ ಇಸ್ತ್ರಿ ಮಾಡಿಕೊಂಡು, ಅವಳ ಕೈ ಹಿಡಿದು ಸಂಘದ ಔತಣಕ್ಕೆ ಹೋಗಿದ್ದ. ಬಾಗಿಲಲ್ಲಿ ಇದೇ ಬ್ರೂಅರ್.

"ಸದಸ್ಯರಿಗೆ ಮಾತ್ರ ಕಣೋ ವರ್ಲಿನ್. ನಿನಗೆ ಗೊತ್ತಲ್ಲ."

"ಸರಿಯಪ್ಪಾ, ನಿಯಮ ಅಂದ್ಮೇಲೆ ನಿಯಮ," ಎಂದು ಅಪ್ಪ ಹಲ್ಲು ಬಿಟ್ಟ. ಆ ನಗು ಕಂಡು ಡಾರ್ಲಾಗೆ ಅಳು ಬಂದಿತ್ತು. ದಾರಿಯಲ್ಲಿ ಬರ್ಗರ್ ಕೊಡಿಸಿ, "ಔತಣ ಚೆನ್ನಾಗಿತ್ತು ಅಂತ ಅಮ್ಮನಿಗೆ ಹೇಳು ಮಗಳೇ," ಅಂದಿದ್ದ.

*

"ಅದನ್ನ ಸರಿಮಾಡೋಕೇ ಬಂದಿದ್ದೀವಿ," ಎಂದ ಬ್ರೂಅರ್. "ಇಲ್ಲೇ ಮತಕ್ಕೆ ಹಾಕಿ ಅವನನ್ನ ಮತ್ತೆ ಸದಸ್ಯನಾಗಿ ತಗೋತೀವಿ."

"ಬದುಕಿದ್ದಾಗ ಬೇಡವಾದವನು ಸತ್ತ ಮೇಲೆ ಬೇಕಾದ್ನಾ?"

"ಜನ ನೋಡ್ತಿದಾರೆ. ಮರ್ಯಾದೆ ತೆಗೀಬೇಡಮ್ಮಾ."

ಬದುಕಿದ್ದಾಗ ಇವರು ಹೀಗೆ ಕರೆದಿದ್ದರೆ ಅಪ್ಪ ಓಡೋಡಿ ಹೋಗುತ್ತಿದ್ದ. ಅದು ಗೊತ್ತಿದ್ದದ್ದಕ್ಕೇ ಡಾರ್ಲಾಗೆ ಮೈಯೆಲ್ಲ ಉರಿಯಿತು. ಏನೇ ಆಗಲಿ, ಇವರ ಸಂಘದವನಾಗಿ ಅವನು ಮಣ್ಣಿಗೆ ಹೋಗಕೂಡದು.

ಬ್ರೂಅರ್ ಅವಳಿಗೆ ಬೆನ್ನು ಮಾಡಿ ತನ್ನವರತ್ತ ತಿರುಗಿದ. "ಒಪ್ಪುವವರು ಕೈಯೆತ್ತಿ."

ಐದೂ ಜನ ಎತ್ತಿದರು. ಅವನೂ ಎತ್ತಿದ.

ಡಾರ್ಲಾ ಪೆಟ್ಟಿಗೆಯ ಮುಚ್ಚಳ ಎಳೆದು ಮುಚ್ಚಿದಳು. ಹಿಂದಿನ ಸಾಲಿನಲ್ಲಿ ಅಪ್ಪನ ಬಸ್ ಡಿಪೋದವರು ಕೂತಿದ್ದರು. "ರೋಸ್ಕೋ ಅಂಕಲ್, ನೀವು ಬನ್ನಿ," ಎಂದಳು.

ಡ್ರೈವರುಗಳು ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟರು. ಅದು ಬಾಗಿಲು ದಾಟಿದಾಗಲೂ ವಕೀಲರ ಕೈಗಳು ಮೇಲೆಯೇ ಇದ್ದವು.