ಸಿಹಿ ನೀರಿನ ನಲ್ಲಿ

ಆ ಬೀದಿಯವರು ಹುಟ್ಟಿದಾಗಿನಿಂದ ಉಪ್ಪುನೀರು ಕುಡಿದು ಬೆಳೆದವರು. ಬೀದಿ ಕೊನೆಯ ಕೈಪಂಪಿನ ನೀರಿಗೆ ಸೋಪು ನೊರೆ ಕೊಡುತ್ತಿರಲಿಲ್ಲ. ಕಾಳು ಒಲೆ ಮೇಲಿಟ್ಟರೆ ಸೀಮೆಎಣ್ಣೆ ಮುಗಿಯುತ್ತಿತ್ತೇ ಹೊರತು ಕಾಳು ಮೆತ್ತಗಾಗುತ್ತಿರಲಿಲ್ಲ. ಟೀಗೆ ಹಾಲು ಹಾಕಿದ ಕೂಡಲೇ ಒಡೆದು ಹೋಗುತ್ತಿತ್ತು. ಹೀಗಿರುವಾಗ ಡ್ರಮ್ ಅಂಗಳದ ಸಾಹುಕಾರರು ತಮ್ಮ ಗೋಡೆಗೆ ಒಂದು ನಲ್ಲಿ ಹಾಕಿಸಿ, "ಇನ್ನು ಮೇಲೆ ಸಿಹಿ ನೀರು ಕುಡೀರಪ್ಪಾ, ಬೀದಿಗೆಲ್ಲ ಪುಕ್ಕಟೆ" ಅಂದಾಗ ಜನ ಕೈ ಮುಗಿಯದೆ ಇನ್ನೇನು ಮಾಡಿಯಾರು?

ನೀರು ಸಿಹಿಯಾಗಿಯೇ ಇತ್ತು. ಇಲ್ಲೇ ಇರೋದು ನೋಡಿ ಎಡವಟ್ಟು. ನಮ್ಮ ಮಾತಲ್ಲಿ ಉಪ್ಪಿಲ್ಲದ ನೀರೆಲ್ಲ ಸಿಹಿ ನೀರೇ, ಮಾತಿಗೆ ಹಾಗಂತೀವಿ ಅಷ್ಟೆ. ಇದು ಮಾತಿಗಲ್ಲ, ನಿಜವಾಗಿ ಸಿಹಿ. ಸಕ್ಕರೆ ಕದಡಿ ಚೂರು ಹೆಚ್ಚು ನೀರು ಬೆರೆಸಿದ ಹಾಗೆ. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಷ್ಟು ವರ್ಷ ಉಪ್ಪು ನೆಕ್ಕಿದ ನಾಲಿಗೆ, ಒಳ್ಳೆ ನೀರು ಬಿದ್ರೆ ಹೀಗೇ ಅನ್ಸೋದು" ಅಂದ ಇಸ್ತ್ರಿ ಮಾವ. ಬೀದಿ ಮೂಲೆಯಲ್ಲಿ ಮೇಜು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುವವನು. ಅವನ ಖುಷಿಗೆ ಕಾರಣವೂ ಇತ್ತು. ಕೈಪಂಪಿನ ನೀರು ಚಿಮುಕಿಸಿದರೆ ಕಪ್ಪು ಪ್ಯಾಂಟಿನ ಮೇಲೆಲ್ಲ ಬಿಳಿ ಕಲೆ ಕೂರುತ್ತಿತ್ತು, ಈಗ ಅದು ನಿಂತಿತ್ತು.

ಡ್ರಮ್ಮಕ್ಕ ಒಬ್ಬಳಿಗೇ ಅದು ಗಂಟಲಲ್ಲಿ ಇಳಿಯಲಿಲ್ಲ. ಅಂಗಳದಲ್ಲಿ ಡ್ರಮ್ಮು ತೊಳೆಯುವವಳಾದ್ದರಿಂದ ಅವಳಿಗೆ ಆ ಹೆಸರು. ಅವಳದ್ದು ಹುಟ್ಟಾ ಅನುಮಾನದ ಬುದ್ಧಿ. ಅಂಗಡಿಯವನು ನಕ್ಕರೆ ಅವಳ ಕಣ್ಣು ತಕ್ಕಡಿ ಮೇಲೆ ಹೋಗುತ್ತಿತ್ತು.

"ಅಲ್ಲ ಮಾವ, ಕೈಗವಸು ಕೇಳಿದ್ರೆ ಮುಂದಿನ ತಿಂಗಳು ನೋಡೋಣ ಅನ್ನೋ ಮನುಷ್ಯ. ಅವನಿಗೆ ಇದ್ದಕ್ಕಿದ್ದ ಹಾಗೆ ನಮ್ಮ ಬಾಯಾರಿಕೆ ಮೇಲೆ ಯಾಕೆ ಪ್ರೀತಿ ಬಂತು?"

"ನಿನ್ನೆದುರು ದೇವರೇ ಬಂದು ನಿಂತ್ರೂ ಗುರುತಿನ ಚೀಟಿ ತೋರ್ಸು ಅಂತೀಯ. ಸುಮ್ನೆ ಕುಡಿಯೇ."

ಜನ ನಕ್ಕರು. ಡ್ರಮ್ಮಕ್ಕ ನಗಲಿಲ್ಲ.

ಅಂಗಳದ ಕೆಲಸ ಹೇಳಿಬಿಡಬೇಕು. ಎಲ್ಲೆಲ್ಲಿಂದಲೋ ಕಾರ್ಖಾನೆಗಳ ಹಳೇ ಡ್ರಮ್ಮು ಲಾರಿಯಲ್ಲಿ ಬರುತ್ತವೆ. ತಳದಲ್ಲಿ ಎಂಥದೋ ಅಂಟು, ಎಂಥದೋ ನೀರು ಉಳಿದಿರುತ್ತದೆ. ಮೊದಲು ಮೇಸ್ತ್ರಿ ಬ್ಲೇಡು ಹಿಡಿದು ಡ್ರಮ್ಮಿನ ಮೇಲಿನ ಚೀಟಿಯನ್ನೆಲ್ಲ ಕೆರೆದು ಹಾಕುತ್ತಾನೆ. ಆಮೇಲೆ ಹೆಂಗಸರ ಕೆಲಸ. ಒಳಗೆ ಕಬ್ಬಿಣದ ಸರಪಳಿ ಬಿಟ್ಟು, ಬಿಸಿನೀರು ಹುಯ್ದು, ಬಿರಡೆ ಬಿಗಿದು ಅಂಗಳದ ಉದ್ದಕ್ಕೂ ಉರುಳಿಸಬೇಕು. ಸರಪಳಿ ಒಳಗೆಲ್ಲ ಉಜ್ಜುತ್ತದೆ. ಬಗ್ಗಿಸಿ ಚೆಲ್ಲಬೇಕು, ಮತ್ತೆ ಹುಯ್ಯಬೇಕು. ತೊಳೆದ ಡ್ರಮ್ಮು ಹೊಸ ಬಣ್ಣ ಹೊಡೆಸಿಕೊಂಡು ಮಾರಾಟಕ್ಕೆ ಹೋಗುತ್ತದೆ. ಡ್ರಮ್ಮಕ್ಕ ಉರುಳಿಸಿದರೆ ಡ್ರಮ್ಮು ಹಸುವಿನ ಹಾಗೆ ಹೇಳಿದ ಕಡೆ ಹೋಗುತ್ತದೆ ಅಂತ ಜೊತೆಯವರು ಹೇಳುತ್ತಿದ್ದರು.

"ಮೇಸ್ತ್ರಿ, ಚೀಟಿ ಯಾಕಪ್ಪ ಕೆರೀತೀಯ? ತೊಳೆದ ಮೇಲೆ ತಾನೇ ಹೋಗುತ್ತಲ್ಲ?" ಅಂತ ಒಂದು ದಿನ ಡ್ರಮ್ಮಕ್ಕ ಕೇಳಿದಳು.

"ಸಾಹುಕಾರ್ರು ಹೇಳಿದಾರೆ, ಕೆರೀತೀನಿ. ನಿನಗೇನು, ಚೀಟಿ ಓದಿ ಪರೀಕ್ಷೆ ಬರೀಬೇಕಾ?"

"ತೊಳೆದ ನೀರು ಎಲ್ಲಿಗೆ ಹೋಗುತ್ತೆ?"

"ಗಟಾರಕ್ಕೆ. ಇನ್ನೆಲ್ಲಿಗೆ?"

ಗಟಾರ ಅಂಗಳದ ಹೊರಗೇ ಇತ್ತು. ದಿನವಿಡೀ ನೀರು ಸುರಿದರೂ ಆ ಗಟಾರ ಒಣಗಿ ಬಿರುಕು ಬಿಟ್ಟಿತ್ತು. ಅದರೊಳಗೆ ಕೋಳಿ ಮಲಗುತ್ತಿತ್ತು.

ಒಂದು ಸಲ ಅನುಮಾನ ಹೊಕ್ಕ ತಲೆ ಸುಮ್ಮನಿರುತ್ತದೆಯೇ? ಹಿಂದಿನದೆಲ್ಲ ಒಂದೊಂದೇ ನೆನಪಿಗೆ ಬಂತು. ಆ ನಲ್ಲಿಗೆ ನೀರು ಬರುವುದು ಗೋಡೆ ಪಕ್ಕದ ಬೋರಿನಿಂದ. ಅದೇ ಬೋರಿನ ನೀರಲ್ಲಿ ಮೊದಲು ಅಂಗಳದ ಆಫೀಸಿಗೆ ಟೀ ಕಾಯಿಸುತ್ತಿದ್ದರು. ಆಫೀಸಿಗೆ ಕ್ಯಾನ್ ನೀರು ಬರತೊಡಗಿದ ವಾರವೇ ಬೀದಿಗೆ ನಲ್ಲಿ ಬಂತು. ಕೆಲವು ಡ್ರಮ್ಮಿನ ಅಂಟು ತುಟಿಗೆ ಸಿಡಿದರೆ ಸಿಹಿ ಅನ್ನಿಸುತ್ತಿತ್ತು, ಅವನ್ನು ತೊಳೆದ ಕಟ್ಟೆ ನೆಕ್ಕುವುದು ಅಂಗಳದ ಕಾವಲು ನಾಯಿಗೆ ಚಟ. ಅದು ಒಂದು ದಿನ ಕುಡುಕನ ಹಾಗೆ ತೂರಾಡಿ, ಗೇಟಿನ ಹತ್ತಿರ ಬಿದ್ದು ಸತ್ತಿತು. ಇನ್ನೊಂದು, ಬಣ್ಣದ ಕಾರ್ಖಾನೆಯ ಡ್ರಮ್ಮು ಬಂದರೆ ಅದನ್ನು ಮಾತ್ರ ಅಲ್ಲಿ ತೊಳೆಯುವ ಹಾಗಿಲ್ಲ. ಮೂಲೆಯಲ್ಲಿಟ್ಟು ಬೇರೆ ಕಡೆಗೆ ಸಾಗಿಸುತ್ತಿದ್ದರು. "ಗಟಾರಕ್ಕೆ ಬಣ್ಣ ಹೋದ್ರೆ ಜನ ಬೈತಾರೆ" ಅನ್ನುತ್ತಿದ್ದ ಮೇಸ್ತ್ರಿ. ಯಾವ ಗಟಾರಕ್ಕೆ? ಕೋಳಿ ಮಲಗಿದ ಗಟಾರಕ್ಕೋ?

ಇದನ್ನೆಲ್ಲ ಒಟ್ಟು ಮಾಡಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಯಾಕೆಂದರೆ ಮನೆಯಲ್ಲಿ ಮಗಳಿದ್ದಳು.

ಮಗಳಿಗೆ ಹೊಟ್ಟೆ ಮುಂದೆ ಬಂದಿತ್ತು. ಅಳಿಯ ಲಾರಿ ಓಡಿಸುವವನು, ಮನೆಗೆ ಬರುವುದೇ ಅಪರೂಪ. ಅದಕ್ಕೇ ತಾಯಿಯ ಒಂದೇ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿಟ್ಟುಕೊಂಡು ಅಂಗಿಗೆ ಗುಂಡಿ ಹಾಕುತ್ತ ಕೂತಿರುತ್ತಿದ್ದಳು. ಉಪ್ಪುನೀರು ಕುಡಿದರೆ ವಾಂತಿ ಅನ್ನುತ್ತಿದ್ದವಳು ಈ ನೀರನ್ನು ಚೊಂಬುಗಟ್ಟಲೆ ಕುಡಿದಳು.

"ಅಮ್ಮ, ಒಳಗಿರೋದಕ್ಕೂ ಇಷ್ಟ ಕಣಮ್ಮ. ಕುಡಿದ ತಕ್ಷಣ ಒದೆಯುತ್ತೆ ನೋಡು."

"ಸ್ವಲ್ಪ ಕಮ್ಮಿ ಕುಡಿಯೇ."

"ನೀರಿಗೂ ಲೆಕ್ಕ ಇಡ್ತೀಯಲ್ಲಮ್ಮ!"

ಆಮೇಲಾಮೇಲೆ ಮಗಳು ಎದ್ದರೆ ತಲೆ ಸುತ್ತು ಅಂದಳು. ಮುಖ ಊದಿಕೊಂಡಿತು. ಒಂದಕ್ಕೆ ಹೋಗುವುದು ಕಮ್ಮಿಯಾಯಿತು. ಆರೋಗ್ಯ ಕೇಂದ್ರದ ನರ್ಸಮ್ಮ, "ಈ ಸಮಯದಲ್ಲಿ ಇದೆಲ್ಲ ಇದ್ದದ್ದೇ. ನೀರು ಚೆನ್ನಾಗಿ ಕಾಯಿಸಿ ಕುಡಿಸಿ" ಅಂದರು. ತಾಯಿ ಜೀವ, ಬರೀ ಕಾಯಿಸಿದರೆ ಸಾಲದು ಅಂತ ಪಾತ್ರೆಯ ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿದಳು. ಆರಿಸಿ, ತಾನೇ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನೀರು ಇನ್ನೂ ಸಿಹಿಯಾಗಿತ್ತು. ಮೊದಲಿಗಿಂತ ಜಾಸ್ತಿ ಸಿಹಿ.

ಕುದಿಸಿದರೆ ಕೆಟ್ಟದ್ದು ಸಾಯಬೇಕು. ಇದು ಸಾಯದೆ ಗಟ್ಟಿಯಾಗುತ್ತಿದೆಯಲ್ಲ! ಪಾತ್ರೆಯ ಅಂಚಿಗೆ ಅಂಟಿದ ಸಿಹಿ ಹಾಗೇ ಒಣಗಿ ಕೂತಿತ್ತು. ಮನೆ ತುಂಬ ಇರುವೆಗಳಿದ್ದವು. ಒಂದೂ ಅದರ ಹತ್ತಿರ ಸುಳಿದಿರಲಿಲ್ಲ.

ಬಾಟಲಿಯಲ್ಲಿ ಆ ನೀರು ಹಿಡಿದುಕೊಂಡು ನೀರಿನ ಇಲಾಖೆಗೆ ಹೋದಳು. ಇಂಜಿನಿಯರ್ ಸಾಹೇಬರು ಫ್ಯಾನಿನ ಕೆಳಗೆ ಕೂತಿದ್ದರು.

"ಸಾರ್, ನಮ್ಮ ಬೀದಿ ನೀರು ಸಿಹಿಯಾಗಿದೆ."

"ಸಂತೋಷ."

"ಸಂತೋಷ ಅಲ್ಲ ಸಾರ್, ಕಂಪ್ಲೇಂಟು."

ಸಾಹೇಬರು ಪಕ್ಕದ ಮೇಜಿನವನನ್ನು ಕರೆದು, "ಕೇಳಿದ್ಯೇನಯ್ಯ, ಸಿಹಿ ನೀರು ಬಂತು ಅಂತ ಕಂಪ್ಲೇಂಟಂತೆ! ಇವರಿಗೆ ಉಪ್ಪುನೀರೇ ಸರಿ" ಅಂದರು.

"ಕಾಯಿಸಿದಷ್ಟೂ ಸಿಹಿ ಜಾಸ್ತಿ ಆಗುತ್ತೆ ಸಾರ್."

"ಒಳ್ಳೇದೇ ಆಯ್ತಲ್ಲಮ್ಮ, ಟೀಗೆ ಸಕ್ಕರೆ ಉಳೀತು."

ಬಾಟಲಿಯನ್ನು ಅವರು ಮುಟ್ಟಲೂ ಇಲ್ಲ. ಅವಳು ನಡೆದುಕೊಂಡು ಬೀದಿ ಸೇರುವ ಮುಂಚೆಯೇ ಮೇಸ್ತ್ರಿ ಗೇಟಿನಲ್ಲಿ ಕಾದು ನಿಂತಿದ್ದ. "ಏನಕ್ಕಾ, ಇಲಾಖೆ ಕಡೆ ಹೋಗಿದ್ಯಂತೆ? ಕೆಲಸ ಬೇಕೋ ಬೇಡವೋ?"

ಹೋಗಿದ್ದು ಇವನಿಗೆ ಹೇಗೆ ಗೊತ್ತಾಯಿತು? ಅವಳು ಕೇಳಲಿಲ್ಲ. ಉತ್ತರ ಗೊತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಮಗಳು ಗುಂಡಿ ಹೊಲಿಯುತ್ತ ಕೂತಲ್ಲೇ ವಾಲಿಬಿದ್ದಳು. ಇಸ್ತ್ರಿ ಮಾವನೇ ಆಟೋ ಹಿಡಿದು ತಂದ. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ತೆಗೆಸಿದರು, ಹೊಟ್ಟೆ ಮುಟ್ಟಿ ನೋಡಿದರು.

"ಕಿಡ್ನಿ ಕೈಕೊಡ್ತಾ ಇದೆ. ಏನು ತಿಂದಳು? ಏನು ಕುಡಿದಳು?"

"ಸಿಹಿ ನೀರು, ಡಾಕ್ಟರಮ್ಮ."

"ಸಿಹಿ ನೀರಾದ್ರೆ ಸರಿ. ಬೇರೆ ಏನು?"

ಡ್ರಮ್ಮಕ್ಕನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಸಿಹಿ ಅಂದ್ರೆ ಸಿಹಿ ಕಣ್ರೀ! ಮಾತಿಗೆ ಹೇಳ್ತಿಲ್ಲ! ಸಕ್ಕರೆ ಹಾಕಿದ ಹಾಗೆ ಸಿಹಿ! ಕಾಯಿಸಿ ಕಾಯಿಸಿ ನಾನೇ ಕುಡಿಸಿದೀನಿ!"

ಡಾಕ್ಟರಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು. ಎಲ್ಲಿಯ ನೀರು, ಪಕ್ಕದಲ್ಲಿ ಏನಿದೆ, ಎಲ್ಲ ಕೇಳಿದರು. ಡ್ರಮ್ಮಿನ ವಿಷಯ ಬಂದಾಗ ಅವರ ಮುಖವೇ ಬದಲಾಯಿತು.

"ಡ್ರಮ್ಮಲ್ಲಿ ಏನಿರುತ್ತೆ? ಹೆಸರು ಬೇಕು. ಒಂದೊಂದಕ್ಕೆ ಒಂದೊಂದು ಔಷಧಿ. ಸುಮ್ನೆ ಊಹೆ ಮೇಲೆ ಕೊಟ್ರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ. ನಾಳೆವರೆಗೆ ಕಾಯೋ ಹಾಗಿಲ್ಲ. ಹೋಗಿ ಹೆಸರು ತಗೊಂಡು ಬನ್ನಿ."

ಮಾವನನ್ನು ಮಗಳ ಹತ್ತಿರ ಕೂರಿಸೋಣ ಅಂದರೆ ಡಾಕ್ಟರಮ್ಮ, "ನಾನಿದೀನಿ, ಹೋಗಿ" ಅಂದರು. ಡ್ರಮ್ಮಕ್ಕ ಓಡಿದಳು.

ಸಾಹುಕಾರರು ಆಫೀಸಿನಲ್ಲಿ ಕ್ಯಾನಿನ ನೀರು ಕುಡಿಯುತ್ತಿದ್ದರು.

"ಧಣೀ, ಕಾಲಿಗೆ ಬೀಳ್ತೀನಿ. ಆ ಸಿಹಿ ಡ್ರಮ್ಮಲ್ಲಿ ಬರೋದು ಏನು? ಹೆಸರೊಂದು ಹೇಳಿ. ಮಗಳು ಆಸ್ಪತ್ರೇಲಿದಾಳೆ."

"ಡ್ರಮ್ಮಲ್ಲಿ ಏನಿರುತ್ತೆ? ಸೋಪಿನ ನೀರು."

"ಸೋಪಿಗೂ ಹೆಸರಿರುತ್ತಲ್ಲ ಧಣೀ, ಅದನ್ನೇ ಹೇಳಿ."

"ನೋಡಮ್ಮ, ನನ್ನ ಅಂಗಳಕ್ಕೂ ನಿನ್ನ ಬೀದಿ ನೀರಿಗೂ ಏನು ಸಂಬಂಧ? ತೊಳೆದ ನೀರು ಗಟಾರಕ್ಕೆ ಹೋಗುತ್ತೆ. ಇನ್ನೊಂದು ಸಲ ನನ್ನ ಹೆಸರು, ನನ್ನ ನೀರು ಅಂದ್ರೆ ಪೊಲೀಸಿಗೆ ಹೇಳ್ತೀನಿ. ಹೋಗು."

ಅವಳು ಹೋದಳು. ಆದರೆ ಗೇಟಿನ ಕಡೆಗಲ್ಲ, ಶೆಡ್ಡಿನ ಹಿಂದಕ್ಕೆ. ತೊಳೆಯುವ ಕಟ್ಟೆಯಿಂದ ಹೊರಟ ಪೈಪು ಮಣ್ಣೊಳಗೆ ಇಳಿದು ಹೋದ ಜಾಡು ಹಿಡಿದು ನಡೆದಳು. ಹೂವಿನ ಕುಂಡಗಳ ಸಾಲು. ಕುಂಡ ಸರಿಸಿದರೆ ಒಂದು ಚಪ್ಪಡಿ. ಚಪ್ಪಡಿ ಸರಿಸಿದರೆ, ಬತ್ತಿ ಹೋಗಿದೆ ಅಂತ ಬಿಟ್ಟಿದ್ದ ಹಳೇ ಬೋರಿನ ಬಾಯಿ. ಪೈಪು ಅದರೊಳಗೆ ಮೂತಿ ಇಟ್ಟಿತ್ತು. ಕೂಗಳತೆಯಲ್ಲೇ ನಲ್ಲಿಗೆ ನೀರೆತ್ತುವ ಬೋರು, ಗೋಡೆಯಾಚೆ ಬೀದಿಯ ನಲ್ಲಿ.

ಅಂದರೆ ಅವಳು ದಿನವಿಡೀ ತೊಳೆದು ಚೆಲ್ಲಿದ್ದು ಹೀಗೆ ಇಳಿದು, ಹಾಗೆ ಏರಿ, ಸಂಜೆ ಅವಳ ಕೊಡಕ್ಕೇ ಬರುತ್ತಿತ್ತು. ಅಳಲು ಪುರುಸೊತ್ತಿರಲಿಲ್ಲ. ತಾನು ಹೇಳಿದರೆ ಯಾರು ನಂಬುತ್ತಾರೆ? ಚಪ್ಪಡಿ ಮುಚ್ಚಿ, ಕುಂಡ ಜೋಡಿಸಿದರೆ ಮತ್ತೆ ಹೂವಿನ ತೋಟ.

ಮೂಲೆಯಲ್ಲಿ ಬಣ್ಣದ ಡ್ರಮ್ಮುಗಳು ನಿಂತಿದ್ದವು.

ಮೇಸ್ತ್ರಿ ಊಟಕ್ಕೆ ಕೂತಿದ್ದ. ಅವಳು ಒಂದು ಡ್ರಮ್ಮು ಉರುಳಿಸಿಕೊಂಡು ಬಂದು ಬಿರಡೆ ಬಿಚ್ಚಿ, ತಳದ ಗಟ್ಟಿ ನೀಲಿಯನ್ನು ಕೈ ಹಾಕಿ ಬಾಚಿ ಕಟ್ಟೆಯ ಮೇಲೆ ಸುರಿದಳು. ಮೇಲೆ ನೀರು ಹುಯ್ದಳು. ನೀಲಿ ಗಳಗಳ ಇಳಿದು ಹೋಯಿತು. ಮೊಣಕೈವರೆಗೆ ಅವಳ ಕೈಯೂ ನೀಲಿ.

ಹೊರಗೆ ಬಂದು ಆಗಷ್ಟೇ ಆಸ್ಪತ್ರೆಯಿಂದ ಮರಳಿದ ಇಸ್ತ್ರಿ ಮಾವನಿಗೂ, ಕೊಡ ಸಾಲಾಗಿಟ್ಟ ಹೆಂಗಸರಿಗೂ ಹೇಳಿದಳು. "ಇವತ್ತು ನಲ್ಲಿ ನೀರು ಯಾರೂ ಬಾಯಿಗಿಡಬೇಡಿ. ಹಿಡಿದು ನೋಡಿ ಸಾಕು."

"ಮಗಳ ಚಿಂತೇಲಿ ಏನೇನೋ ಮಾತಾಡ್ತಾಳೆ ಪಾಪ" ಅಂದಳೊಬ್ಬಳು.

ಮೋಟಾರು ಗುರ್ ಅಂದಿತು. ಎಲ್ಲರಿಗಿಂತ ಮೊದಲು ಮಾವ ಬಟ್ಟೆಗೆ ಚಿಮುಕಿಸುವ ತನ್ನ ಡಬ್ಬಿಗೆ ನೀರು ಹಿಡಿದ. ನೀರು ಎಂದಿನ ಹಾಗೇ ಇತ್ತು. "ನೋಡಿದ್ಯಾ? ಇನ್ನಾದ್ರೂ ಈ ಅನುಮಾನ ಬಿಡು" ಅಂದ. ಹೆಂಗಸರು ಕೊಡ ತುಂಬಿಸಿದರು. ಡ್ರಮ್ಮಕ್ಕನಿಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಗೋಡೆಗೆ ಒರಗಿ ನಿಂತಳು. ಕೊಡದ ಸಾಲು ಅರ್ಧ ಕರಗಿತು. ಮಾವ ಡಬ್ಬಿ ಖಾಲಿ ಮಾಡಿ ಇನ್ನೊಂದು ಸಲ ಹಿಡಿದುಕೊಂಡು ಹೋಗಿ, ಯಾರದೋ ಬಿಳಿ ಅಂಗಿಯ ಮೇಲೆ ಚಿಮುಕಿಸಿದ.

"ಅಯ್ಯಯ್ಯೋ!"

ಅಂಗಿಯ ತುಂಬ ನೀಲಿ ಚುಕ್ಕಿ.

ನಲ್ಲಿಯ ಕೆಳಗಿನ ಕೊಡದಲ್ಲಿ ನೀಲಿ ಸುತ್ತಿ ಸುತ್ತಿ ತುಂಬುತ್ತಿತ್ತು. ಡ್ರಮ್ಮಕ್ಕ ತನ್ನ ಎರಡೂ ಕೈ ಅದರ ಪಕ್ಕ ಹಿಡಿದಳು. "ಈ ಬಣ್ಣ ಒಳಗೆ ಸುರಿದದ್ದು ನಾನು. ಬಣ್ಣ ಅಂತ ನಿಮಗೆ ಕಾಣ್ತಿದೆ. ಇಷ್ಟು ದಿನ ಬಂದದ್ದಕ್ಕೆ ಬಣ್ಣ ಇರಲಿಲ್ಲ ಅಷ್ಟೆ."

ಒಬ್ಬಳು ಸೊಂಟದ ಮೇಲಿನ ತುಂಬಿದ ಕೊಡವನ್ನು ಹಾಗೇ ಬಗ್ಗಿಸಿದಳು. ಇನ್ನೊಬ್ಬಳು ಬಗಲಲ್ಲಿದ್ದ ಕೂಸಿನ ಬಾಯಿಗೆ ಬೆರಳು ಹಾಕಿ ಒರೆಸತೊಡಗಿದಳು, ಒರೆಸಿದರೆ ಹೋಗುತ್ತದೇನೋ ಎಂಬಂತೆ. ಮಾವ ಒದ್ದೆ ಅಂಗಿಯನ್ನು ಹಿಡಿದುಕೊಂಡು ಅಂಗಳದ ಗೇಟಿಗೆ ನುಗ್ಗಿದ. ಬೀದಿ ಹಿಂದೆ ಬಂತು.

"ಹೆಸರು ಹೇಳಿ!" ಅಂದಳು ಡ್ರಮ್ಮಕ್ಕ. "ನಮಗೆ ಏನು ಕುಡಿಸಿದ್ರಿ, ಅದರ ಹೆಸರು ಹೇಳಿ!"

ಸಾಹುಕಾರರು ಫೋನು ಕಿವಿಗಿಟ್ಟುಕೊಂಡೇ ಹೊರಗೆ ಬಂದರು. "ನೀರು ಪರೀಕ್ಷೆಗೆ ಕಳಿಸೋಣ, ವರದಿ ಬರಲಿ" ಅಂದರು.

"ವರದಿ ಬರೋ ಹೊತ್ತಿಗೆ ನನ್ನ ಮಗಳು ಇರಬೇಕಲ್ಲ!"

ಅವರು ಬೆನ್ನು ತಿರುಗಿಸಿ ಮತ್ತೆ ಫೋನಿನಲ್ಲಿ ಮಾತಿಗಿಳಿದರು. ಹೆಸರು ಹೇಳಿದರೆ ಗೊತ್ತಿತ್ತು ಅಂದ ಹಾಗಾಗುತ್ತದಲ್ಲ! ಅವಳು ಮೇಸ್ತ್ರಿಯ ಕಡೆ ತಿರುಗಿದಳು. ಅವನ ತಾಯಿಯೂ ಗುಂಪಿನಲ್ಲಿ ಕೊಡ ಹಿಡಿದು ನಿಂತಿದ್ದಳು. ಮೇಸ್ತ್ರಿ ತಾಯಿಯನ್ನು ನೋಡಿದ, ಬೆವತ.

"ನಿಜ ಹೇಳ್ತೀನಿ ಅಕ್ಕಾ, ನಾನು ಓದಿಲ್ಲ. ಕೆರೆಯೋದು ನನ್ನ ಕೆಲಸ, ಓದೋದಲ್ಲ." ಆಮೇಲೆ ತಲೆ ತಗ್ಗಿಸಿಕೊಂಡು, ಗೇಟಿನ ಪಕ್ಕದ ಒಂದು ಡ್ರಮ್ಮಿನ ಕಡೆ ಗದ್ದ ತೋರಿಸಿದ. "ಅದು ಇವತ್ತು ಬಂದದ್ದು. ಆ ಸಿಹಿಯದೇ. ಇನ್ನೂ ಕೆರೆದಿಲ್ಲ."

"ಅದನ್ನ ಮುಟ್ಟಿದ್ರೆ ಕಳ್ಳತನ!" ಸಾಹುಕಾರರು ಕೂಗಿದರು.

ಡ್ರಮ್ಮಕ್ಕ ಆಗಲೇ ಮುಟ್ಟಿದ್ದಳು. ಮುಚ್ಚಳಕ್ಕೆ ಅಂಟಿದ ಇಂಗ್ಲಿಷ್ ಚೀಟಿ ಬೀದಿಯವರಿಗೆ ಓದಲು ಬಾರದು, ಕಿತ್ತರೆ ಹರಿದೀತು, ಚೀಟಿ ಸಮೇತ ಡ್ರಮ್ಮೇ ಡಾಕ್ಟರಮ್ಮನ ಮುಂದೆ ಹೋಗಬೇಕು. ಡ್ರಮ್ಮು ಅಡ್ಡ ಬಿತ್ತು, ಗೇಟಿನ ಕಡೆ ಹೊರಟಿತು. ಗೇಟು ಮುಚ್ಚಲು ಬಂದ ಅಂಗಳದವರ ಮುಂದೆ ಮಾವ ತನ್ನ ಇಸ್ತ್ರಿ ಮೇಜನ್ನೇ ತಂದು ಅಡ್ಡ ಇಟ್ಟ. ಬೀದಿಯ ಉದ್ದಕ್ಕೂ ಡ್ರಮ್ಮು ಉರುಳಿತು, ಒಳಗೆ ಉಳಿದದ್ದು ಗುಳುಗುಳು ಅನ್ನುತ್ತಿತ್ತು. ಡ್ರಮ್ಮಕ್ಕನ ನೀಲಿ ಕೈಗಳ ಪಕ್ಕ ಇನ್ನೆರಡು ಕೈ, ಮತ್ತೆರಡು ಕೈ ಬಂದವು. ಆಸ್ಪತ್ರೆಗೆ ಇನ್ನೂ ದೂರವಿತ್ತು.

ತಿರುವಿನಲ್ಲಿ ಪಕ್ಕದ ಬೀದಿಯ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅವರೂ ಅದೇ ನಲ್ಲಿಗೆ ಬರುವವರು.

"ಎಲ್ಲಿಗೆ ಉರುಳಿಸ್ಕೊಂಡು ಹೋಗ್ತಿದೀರಿ? ಏನಿದೆ ಅದರಲ್ಲಿ?"

"ನಾವು ಕುಡಿದದ್ದು" ಅಂದಳು ಡ್ರಮ್ಮಕ್ಕ, ಉರುಳಿಸುವುದನ್ನು ನಿಲ್ಲಿಸದೆ. "ನೀವೂ ಕುಡಿದಿದೀರಿ. ಕೊಡ ಕೆಳಗಿಟ್ಟು ಕೈ ಹಾಕಿ ಬನ್ನಿ."