ತಿರುಳು ಹೊರಗಿಟ್ಟ ಹಲಗೆ

ನಾನು ಫಿನ್ಲೆಂಡಿನ ಒಂದು ಮನೆಯ ಹೊರಗೋಡೆಯ ಹಲಗೆ. ಹುಟ್ಟಿದ್ದು ನಿಧಾನವಾಗಿ ಬೆಳೆದ ಪೈನ್ ಮರದಲ್ಲಿ. ನನ್ನನ್ನು ಸೀಳಿ, ಒಣಗಿಸಿ, ಬಡಗಿ ಏವರ್ಟ್ ತನ್ನ ಹೊಸ ಮನೆಯ ಪಕ್ಕ ಪೇರಿಸಿಟ್ಟ. ಅಲ್ಲೇ ಮೂರು ಚಳಿಗಾಲ ಕಾದೆ.

ಹಿಂದೆ ಆ ಊರಿನಲ್ಲಿ ಹಲಗೆಯ ಹೊದಿಕೆ ಇದ್ದದ್ದು ಪಾದ್ರಿಯ ಮನೆಗೆ ಮಾತ್ರ. ಉಳಿದವರ ಮನೆಗಳು ಬರೀ ಮರದ ದಿಮ್ಮಿಗಳ ಮೇಲೆ ದಿಮ್ಮಿ. ಈಗ ಎಲ್ಲರಿಗೂ ಹೊದಿಕೆಯ ಆಸೆ ಹತ್ತಿತ್ತು. ಎದುರುಮನೆಯ ಕಲೆರ್ವೊ ದಿಮ್ಮಿ ಏರಿಸಿದ ಬೇಸಿಗೆಯಲ್ಲೇ ಹಲಗೆ ಹೊಡೆಸಿದ.

"ಊರೆಲ್ಲ ನಗ್ತಿದೆ, ನಮ್ಮನೆ ಅಂಗಿ ಇಲ್ದೆ ನಿಂತಿದೆ ಅಂತ," ಎಂದಳು ಏವರ್ಟನ ಹೆಂಡತಿ ಸೈಮಿ.

"ನಗ್ಲಿ ಬಿಡೇ. ದಿಮ್ಮಿ ಒಣಗಿ ಕೆಳಗಿಳೀತಾ ಇದೆ. ಈಗ್ಲೇ ಮೊಳೆ ಹೊಡೆದ್ರೆ ಹಲಗೆ ಹೊಟ್ಟೆ ಬಿಡ್ತದೆ."

ಎರಡನೆಯ ವರ್ಷ ಕಲೆರ್ವೊನ ಗೋಡೆ ಬಸುರಿಯಂತೆ ಉಬ್ಬಿತು. ಅವನು ಅದನ್ನೆಲ್ಲ ಕಿತ್ತು, ರೈಲು ನಿಲ್ದಾಣದ ಮಾದರಿಯಲ್ಲಿ ಅಡ್ಡ ಹಲಗೆ ಕೂರಿಸಿದ.

ಮೂರನೆಯ ಚಳಿಗಾಲ ಕಳೆದ ಮೇಲೆ ಏವರ್ಟ್ ನಮ್ಮನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ ಮೊಳೆ ಹೊಡೆದ. ಸಂದುಗಳ ಮೇಲೆ ಕಿರಿದಾದ ಪಟ್ಟಿ ಹೊಡೆದ. ಒಂದೊಂದು ಹಲಗೆಯನ್ನೂ ತಿರುಗಿಸಿ ನೋಡಿ, ಮರದ ತಿರುಳಿನ, ಅಂದರೆ ಗಟ್ಟಿಯಾದ ಒಳಮರದ, ಬದಿಯನ್ನು ಮಳೆಗೆ ಒಡ್ಡಿದ. ಹಾಗಿಟ್ಟರೆ ಒಣಗಿದಾಗ ನಮ್ಮ ಅಂಚುಗಳು ಗೋಡೆಯನ್ನೇ ತಬ್ಬುತ್ತವೆ. ಸೈಮಿ ರೈ ಎಂಬ ಧಾನ್ಯದ ಹಿಟ್ಟಿನ ಗಂಜಿಗೆ ಕೆಮ್ಮಣ್ಣು ಕಲಸಿ ಕುದಿಸಿ ಬಳಿದಳು. ಆ ಬಣ್ಣದೊಳಗೆ ನಾನು ಆರಾಮಾಗಿ ಉಸಿರಾಡಿದೆ. ನೆನೆದೆ, ಒಣಗಿದೆ, ಮತ್ತೆ ನೆನೆದೆ.

ಏವರ್ಟನ ಮೊಮ್ಮಗ ಉರ್ಹೊನ ಕಾಲಕ್ಕೆ ಎದುರುಮನೆ ಸಿಮೆಂಟ್ ಶೀಟು ತೊಟ್ಟಿತು. ಉರ್ಹೊ ನಮಗೆ ಬಿಳಿ ಪ್ಲಾಸ್ಟಿಕ್ ಬಣ್ಣ ಬಳಿದ. "ಒಂದ್ಸಲ ಹಚ್ಚಿದ್ರೆ ಜನ್ಮಕ್ಕಾಯ್ತು!" ಎಂದ. ಹೊಳೆದದ್ದೇನೋ ನಿಜ. ಆದರೆ ಒಳಗೆ ಸೇರಿದ ನೀರಿಗೆ ಹೊರದಾರಿ ಇಲ್ಲವಾಯಿತು. ಅದು ಇಳಿದಿಳಿದು ನನ್ನ ಪಾದದಲ್ಲಿ ನಿಂತಿತು. ಪಾದ ಕೊಳೆಯಿತು.

ಮುದುಕನಾದ ಉರ್ಹೊ ಒಂದು ವಸಂತದಲ್ಲಿ ಸಬ್ಬಲು ಹಿಡಿದು ಬಂದ. ಅವನ ಜೊತೆ ಮಗಳು ವಿಯೆನೊ.

"ಎಲ್ಲಾ ಲಡ್ಡಾಗಿದೆ. ಕಿತ್ತು ಒಲೆಗೆ ಹಾಕಿ, ತಗಡು ಹೊಡೆಸೋಣ," ಎಂದ.

ವಿಯೆನೊ ಮಾತು ಕಡಿಮೆಯವಳು. "ಅಪ್ಪಾ, ನಿನ್ನ ಚಾಕು ಕೊಡು," ಎಂದಳು.

ನನ್ನ ಪಾದದಲ್ಲಿ ಚಾಕು ಬೆಣ್ಣೆಗೆ ಇಳಿದಂತೆ ಇಳಿಯಿತು. ಒಂದು ಗೇಣು ಮೇಲೆ ಚುಚ್ಚಿದಳು. ನಾನು ಬಿಟ್ಟುಕೊಡಲಿಲ್ಲ. ಎದೆಯ ಮಟ್ಟದಲ್ಲಿ ಚುಚ್ಚಿದಾಗ ಚಾಕುವಿನ ತುದಿಯೇ ಮುರಿಯಿತು.

"ನನ್ನ ಚಾಕು ಹೋಯ್ತಲ್ಲೇ!"

"ಚಾಕು ಹೋಯ್ತು, ಹಲಗೆ ಇದೆ. ಮುತ್ತಾತ ತಿರುಳನ್ನ ಹೊರಗಿಟ್ಟಿದಾನೆ, ನೋಡು. ಕೊಳೆತಿರೋದು ಒಂದು ಗೇಣು. ಅಷ್ಟಕ್ಕೆ ಇಡೀ ಮನೆ ಚರ್ಮ ಸುಲೀತೀಯಾ?"

ಉರ್ಹೊ ನನ್ನ ಮೇಲೆ ಅಂಗೈ ಇಟ್ಟ. "ಕೊಳೆಸಿದ್ದು ನನ್ನ ಬಣ್ಣ," ಎಂದವನೇ ಸಬ್ಬಲು ಕೆಳಗಿಟ್ಟು, ಹೆರೆಯುವ ಉಳಿ ತಂದ.

ಆ ಬೇಸಿಗೆಯೆಲ್ಲ ಅಪ್ಪ ಮಗಳು ಬಿಳಿ ಸಿಪ್ಪೆಯನ್ನು ಹೆರೆದರು. ಕೊಳೆತ ತುದಿಯನ್ನು ಕೊಯ್ದು, ಹೊಸ ಪೈನ್ ತುಂಡನ್ನು ಇಳಿಜಾರಾಗಿ ಜೋಡಿಸಿದರು. ಅದರ ತಿರುಳೂ ಹೊರಗೇ. ಅಂಗಳದಲ್ಲಿ ಮತ್ತೆ ಕೆಮ್ಮಣ್ಣಿನ ಗಂಜಿ ಕುದಿಯಿತು.

"ಉಪ್ಪು ಹಾಕಿದೀಯೇನೇ?" ಎಂದು ಉರ್ಹೊ ನಗುತ್ತಾ ಸೌಟು ತಿರುವಿದ.

ನನಗೀಗ ನೂರು ದಾಟಿದೆ. ಮೈ ಹಳೆಯದು, ಪಾದ ಹೊಸದು, ಬಣ್ಣ ಸೈಮಿಯದು. ನಿನ್ನೆ ಜೋರು ಮಳೆ ಬಂತು. ಪೂರ್ತಿ ನೆನೆದೆ. ಇವತ್ತು ಮಧ್ಯಾಹ್ನದ ಹೊತ್ತಿಗೆ ಒಣಗಿದ್ದೆ.